ಬಣ್ಣಗೆಡದ ಮುಖ

ಕೌಷೀತಕೀ ಉಪನಿಷತ್ತಿನ ಮೂರನೆಯ ಅಧ್ಯಾಯದಲ್ಲಿ, ದಿವೋದಾಸನ ಮಗನಾದ ಪ್ರತರ್ದನನು ಯುದ್ಧದಿಂದಲೂ ಪೌರುಷದಿಂದಲೂ ಇಂದ್ರನ ಧಾಮವನ್ನು ಸೇರಿ, ಮನುಷ್ಯನಿಗೆ ಪರಮಹಿತವಾದದ್ದು ಯಾವುದೋ ಅದನ್ನು ನೀನೇ ನನಗಾಗಿ ಆರಿಸಿಕೊಡಬೇಕೆಂದು ಕೇಳಿಕೊಂಡಾಗ, ಇಂದ್ರನು ಕೊಡುವ ಉತ್ತರವು ಓದುವವನನ್ನು ಬೆಚ್ಚಿಬೀಳಿಸುವಂಥದು. ತನ್ನನ್ನು ತಿಳಿಯುವುದೇ ಪರಮಹಿತವೆಂದೂ, ತಾನು ಎಷ್ಟೋ ಕ್ರೂರಕರ್ಮಗಳನ್ನೆಸಗಿದ್ದರೂ ತನ್ನ ಒಂದು ರೋಮವೂ ಕೊಂಕಲಿಲ್ಲವೆಂದೂ, ತನ್ನನ್ನು ಅರಿತವನ ಗತಿಯು ಕಳವಿನಿಂದಾಗಲಿ ಭ್ರೂಣಹತ್ಯೆಯಿಂದಾಗಲಿ ಮಾತೃವಧೆ ಪಿತೃವಧೆಗಳಿಂದಾಗಲಿ ಕೆಡದೆಂದೂ ಹೇಳಿ, ಕಡೆಗೆ, ಪಾಪವನ್ನು ಮಾಡಹೊರಟಾಗಲೂ ಅಂಥವನ ಮುಖದ ಬಣ್ಣ ಮಾಸುವುದಿಲ್ಲವೆಂದು ಅವನು ಮುಗಿಸುತ್ತಾನೆ. ಇದು ವಿದ್ಯೆಯ ಸ್ತುತಿಯೇ ಹೊರತು ಕರ್ಮಕ್ಕೆ ಕೊಟ್ಟ ಅಪ್ಪಣೆಯಲ್ಲವೆಂದು ಸಂಪ್ರದಾಯಜ್ಞರು ಸಮಾಧಾನ ಹೇಳುವುದುಂಟು. ಆ ಸಮಾಧಾನವು ಯುಕ್ತವೂ ಹೌದು. ಆದರೂ ಮುಖದ ಬಣ್ಣದ ಆ ಒಂದು ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಬಹುಕಾಲ ಉಳಿದುಕೊಂಡಿತು. ಏಕೆಂದರೆ ಪಾಪದಿಂದ ಬಣ್ಣಗೆಡದ ಮುಖವೊಂದನ್ನು ನಾನು ಉಪನಿಷತ್ತನ್ನು ಓದುವುದಕ್ಕೆ ಮೊದಲೇ ಹತ್ತಿರದಿಂದ ನೋಡಿದ್ದೆನು, ಮತ್ತು ಆ ಮುಖವು ಬ್ರಹ್ಮಜ್ಞಾನಿಯದಾಗಿರಲಿಲ್ಲ.

ಕನ್ನಡಿಗರ ನಿತ್ಯದ ಮಾತನ್ನು ನೋಡಿದರೆ ಧರ್ಮಶಾಸ್ತ್ರದ ಅರ್ಧಭಾಗವು ಮುಖದ ಮೇಲೆಯೇ ಬರೆದಿರುವಂತೆ ತೋರುತ್ತದೆ. ತಪ್ಪು ಮಾಡಿದವನ ಮುಖ ಕಂದುತ್ತದೆ, ಮೋರೆ ಸಣ್ಣದಾಗುತ್ತದೆ, ಮುಖ ಕಪ್ಪಿಡುತ್ತದೆ. ಮಾನಗೇಡಿಯನ್ನು ಕುರಿತು ಅವನು ಹೇಗೆ ಮುಖವೆತ್ತಿಕೊಂಡು ತಿರುಗುತ್ತಾನೋ ಎನ್ನುತ್ತೇವೆ. ಒಳಗೆ ಒಂದು ಅಳುಕು ಉಂಟೆಂದೂ, ಅದು ಎಷ್ಟು ಮುಚ್ಚಿದರೂ ಹೊರಗೆ ತೋರದೆ ಇರದೆಂದೂ ನಾವು ಪ್ರಮಾಣವಿಲ್ಲದೆಯೇ ನಂಬಿರುತ್ತೇವೆ. ಪಂಚಾಯಿತಿಕಟ್ಟೆಯ ನ್ಯಾಯವೆಲ್ಲ ಈ ನಂಬಿಕೆಯ ಮೇಲೆ ನಿಂತದ್ದು.

ನನಗೆ ಹದಿನೆಂಟು ವರ್ಷವಾಗಿದ್ದಾಗ ನಮ್ಮ ಊರಿನಲ್ಲಿ ಒಬ್ಬ ಗೃಹಸ್ಥರಿದ್ದರು. ಹೆಸರು ಬೇಡ. ಎಲ್ಲಿಂದಲೋ ಬಂದು ನೆಲೆಸಿ, ಐದಾರು ವರ್ಷಗಳೊಳಗೆ ಮದುವೆ ಮುಂಜಿಗಳಲ್ಲಿ ಅವರಿಲ್ಲದೆ ಎಲೆ ಹಾಕುವುದಿಲ್ಲವೆಂಬಷ್ಟು ಎಲ್ಲರಿಗೂ ಬೇಕಾದವರಾಗಿದ್ದರು. ತಿಂಗಳ ಚೀಟಿ ನಡೆಸುತ್ತಿದ್ದರು. ರಾಮನವಮಿಯ ಚಪ್ಪರದಲ್ಲಿ ಗೀತೆಯ ಎರಡನೆಯ ಅಧ್ಯಾಯವನ್ನು ಹಿಡಿದು ಸ್ಥಿತಪ್ರಜ್ಞನ ಲಕ್ಷಣವನ್ನು ಮೂರು ಸಂಜೆ ವಿವರಿಸುತ್ತಿದ್ದರು. ಸ್ವರ ಇಂಪಾಗಿತ್ತು, ಸಂಸ್ಕೃತದ ಉಚ್ಚಾರಣೆ ಸ್ವಚ್ಛವಾಗಿತ್ತು. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಯಲ್ಲಿದ್ದ ದೊಡ್ಡಮ್ಮ, ಮೊಮ್ಮಗಳ ಮದುವೆಗೆಂದು ಹಾಲು ಬೆಣ್ಣೆ ಮಾರಿ ಕೂಡಿಟ್ಟಿದ್ದ ಎರಡು ಸಾವಿರ ರೂಪಾಯಿಗಳನ್ನು ಅವರ ಚೀಟಿಗೆ ಹಾಕಿದ್ದಳು. ಅವರು ಬಂದಾಗ ಮಾತ್ರ ಬೀರುವಿನಿಂದ ಬೆಳ್ಳಿಯ ಲೋಟವನ್ನು ತೆಗೆದು ಕಾಫಿ ಕೊಡುತ್ತಿದ್ದಳು, ನಮಗೆಲ್ಲ ಹಿತ್ತಾಳೆಯದೇ.

ಚೀಟಿ ಮುಳುಗಿತು. ಕೂಗಿ ಎತ್ತಿದವರಿಗೆ ಹಣ ಸಿಕ್ಕಲಿಲ್ಲ, ಎತ್ತದೆ ಕಾದಿದ್ದವರಿಗೆ ಅಸಲೂ ಉಳಿಯಲಿಲ್ಲ. ಇಂಥ ಪ್ರಸಂಗದಲ್ಲಿ ಮನುಷ್ಯನು ಊರು ಬಿಡುತ್ತಾನೆ, ಇಲ್ಲವೆ ಬಾಗಿಲು ಹಾಕಿಕೊಂಡು ಕೂರುತ್ತಾನೆಂದು ನಾವು ಎಣಿಸಿದ್ದೆವು. ಅವರಾದರೋ ಮುಂದಿನ ವಾರವೇ, ಮಡಿಪಂಚೆ ಉಟ್ಟು, ನೇರವಾಗಿ ನಮ್ಮ ಪಡಸಾಲೆಗೆ ಬಂದು ಕುಳಿತರು. ದೊಡ್ಡಮ್ಮ ಕಾಫಿಯನ್ನು ಮುಂದಿಟ್ಟು, “ಹೀಗೆ ಮಾಡಬಹುದೇನಪ್ಪಾ?” ಎಂದು ಒಂದೇ ಒಂದು ಮಾತು ಕೇಳಿದಳು. ಅವರ ಕಣ್ಣುಗಳಿಂದ ನೀರು ಧಾರೆಯಾಗಿ ಸುರಿಯಿತು. “ತಾಯೀ, ನಿಮ್ಮ ಋಣವನ್ನು ಏಳು ಜನ್ಮಕ್ಕೂ ತೀರಿಸಲಾರೆ” ಎಂದು ಕಟ್ಟಿಬಂದ ಗಂಟಲಿನಲ್ಲಿ ಹೇಳಿದರು. ಅವಳಿಗೂ ಅಳು ಬಂದು, ಮುಖ ತೊಳೆದುಕೊಳ್ಳುವುದಕ್ಕೆಂದು ಬಚ್ಚಲ ಕಡೆಗೆ ಹೋದಳು. ಕಂಬಕ್ಕೆ ಒರಗಿ ನಿಂತಿದ್ದ ನಾನು ಅವರನ್ನೇ ನೋಡುತ್ತಿದ್ದೆ. ದೊಡ್ಡಮ್ಮನ ಬೆನ್ನು ಮರೆಯಾದೊಡನೆ ಆ ಮುಖವು, ದೀಪವನ್ನು ಆರಿಸಿದ ಕೋಣೆಯಂತೆ, ಖಾಲಿಯಾಯಿತು. ದುಃಖವೂ ಇಲ್ಲ, ಕಪಟದ ನಗೆಯೂ ಇಲ್ಲ, ಏನೂ ಇಲ್ಲ. ಕಾಫಿಯನ್ನು ಒಂದು ಗುಟುಕು ಹೀರಿ, ಗೋಡೆಯ ಗಡಿಯಾರವನ್ನು ತಲೆಯೋರೆ ಮಾಡಿ ಪರೀಕ್ಷಿಸಿ, “ಏನು ಮರಿ, ಇದು ಎಂಟು ದಿನಕ್ಕೊಮ್ಮೆ ಕೀಲಿ ಕೊಡುವುದಲ್ಲವೆ? ಒಳ್ಳೆಯ ಮಾಲು. ಮಾರುವುದಿದ್ದರೆ ನನಗೆ ಹೇಳು” ಎಂದರು. ಬಚ್ಚಲಿನ ಚಿಲಕದ ಸದ್ದು ಕೇಳಿಸಿತು. ಬಿಟ್ಟ ಕಡೆಯಿಂದಲೇ ಅಳುವನ್ನು ಮತ್ತೆ ಎತ್ತಿಕೊಂಡರು.

ಆ ಮನುಷ್ಯನಿಗೆ ಯಾವ ವೈದ್ಯನೂ ಹೆಸರಿಡಲಿಲ್ಲ. ನನಗೆ ಇಡುವ ಅಧಿಕಾರವಿಲ್ಲ. ಆದರೆ ಅಂದಿನಿಂದ ನನಗೆ ಒಂದು ಪ್ರಶ್ನೆ ಹತ್ತಿಕೊಂಡಿತು: ಒಳಗೆ ಅಳುಕೇ ಇಲ್ಲದೆ ಮನುಷ್ಯನಿರುವುದು ಸಾಧ್ಯವೆ? ಸಾಧ್ಯವಾದರೆ, ಅದೇ ಅಳುಕಿಲ್ಲದ ಸ್ಥಿತಿಯನ್ನು ನಮ್ಮ ಶಾಸ್ತ್ರಗಳು ಸಾಧನೆಯ ತುದಿಯೆಂದು ಏಕೆ ಹೊಗಳುತ್ತವೆ?

ಮೊದಲನೆಯ ಪ್ರಶ್ನೆಗೆ ಉತ್ತರವನ್ನು ಪಾಶ್ಚಾತ್ಯ ವೈದ್ಯರು ಇನ್ನೂರು ವರ್ಷಗಳಿಂದ ಹುಡುಕುತ್ತಿದ್ದಾರೆ. ಪ್ಯಾರಿಸಿನ ಫಿಲಿಪ್ ಪಿನೆಲ್ 1801ರ ತನ್ನ ಗ್ರಂಥದಲ್ಲಿ, ಬುದ್ಧಿಯಲ್ಲಿ ಯಾವ ಭ್ರಮೆಯೂ ಇಲ್ಲದೆ ನಡತೆಯಲ್ಲಿ ಮಾತ್ರ ಉನ್ಮತ್ತರಾದವರನ್ನು ವರ್ಣಿಸಿದನು. ತನ್ನನ್ನು ಬೈದ ಹೆಂಗಸೊಬ್ಬಳನ್ನು ಬಾವಿಗೆ ನೂಕಿದ ಜಮೀನುದಾರನ ಕಥೆ ಅಲ್ಲಿದೆ, ಆದರೆ ಅದು ಕೋಪದ ಕಥೆಯೆಂದೇ ನನಗೆ ತೋರುತ್ತದೆ. 1835ರಲ್ಲಿ ಇಂಗ್ಲೆಂಡಿನ ಪ್ರಿಚರ್ಡ್ ಇದನ್ನು ನೈತಿಕ ಉನ್ಮಾದವೆಂದು ಕರೆದನು. ಸೈಕೋಪತಿ ಎಂಬ ಮಾತು ಜರ್ಮನರಿಂದ ಬಂದದ್ದು. ಇಂದು ನಮ್ಮ ಹುಡುಗರು ಸ್ವಲ್ಪ ಮುಂಗೋಪಿಯಾದವನನ್ನೂ, ಪ್ರೇಮದಲ್ಲಿ ಹಟ ಹಿಡಿದವನನ್ನೂ ‘ಸೈಕೋ’ ಎಂದು ಕರೆಯುತ್ತಾರಷ್ಟೆ, ಆ ಬೈಗುಳಕ್ಕೂ ಈ ಶಾಸ್ತ್ರಕ್ಕೂ ಹೆಸರಿನ ಮಟ್ಟಿಗೆ ಮಾತ್ರ ಸಂಬಂಧ.

ವಿಷಯವು ನಿಜವಾಗಿ ಬೆಳಕಿಗೆ ಬಂದದ್ದು ಅಮೆರಿಕದ ಜಾರ್ಜಿಯಾ ಸಂಸ್ಥಾನದ ಆಗಸ್ಟಾ ನಗರದಲ್ಲಿದ್ದ ಹರ್ವಿ ಕ್ಲೆಕ್ಲಿ ಎಂಬ ವೈದ್ಯನಿಂದ. 1941ರಲ್ಲಿ ಅವನು ಪ್ರಕಟಿಸಿದ ಗ್ರಂಥದ ಹೆಸರೇ ಅರ್ಥಪೂರ್ಣವಾದದ್ದು: ‘ದಿ ಮಾಸ್ಕ್ ಆಫ್ ಸ್ಯಾನಿಟಿ’, ಎಂದರೆ ಸ್ವಸ್ಥತೆಯ ಮುಖವಾಡ. ಅವನ ರೋಗಿಗಳಲ್ಲಿ ಬಹುಮಂದಿ ಕೊಲೆಗಡುಕರಲ್ಲ. ಮಾತಿನಲ್ಲಿ ಚತುರರು, ನೋಟಕ್ಕೆ ಸಭ್ಯರು, ತರ್ಕದಲ್ಲಿ ಯಾರಿಗೂ ಕಡಮೆಯಲ್ಲದವರು. ಆದರೆ ಕೊಟ್ಟ ಮಾತು ಅವರನ್ನು ಕಟ್ಟದು, ಆಡಿದ ಸುಳ್ಳು ಅವರನ್ನು ಸುಡದು, ಪಟ್ಟ ಪೆಟ್ಟು ಅವರಿಗೆ ಪಾಠವಾಗದು, ಪ್ರೀತಿಯೆಂಬುದು ಅವರ ಬಾಯಲ್ಲಿ ಬರುವ ಒಂದು ಶಬ್ದ. ಇಂಥ ಹದಿನಾರು ಲಕ್ಷಣಗಳನ್ನು ಅವನು ಎಣಿಸಿದನು. ಅಷ್ಟಕ್ಕೆ ನಿಲ್ಲದೆ, ಇವರ ಅರೆಬೆಂದ ರೂಪಗಳು ವ್ಯಾಪಾರಿಗಳಲ್ಲಿಯೂ ವಿಜ್ಞಾನಿಗಳಲ್ಲಿಯೂ ಕಡೆಗೆ ಮನೋವೈದ್ಯರಲ್ಲಿಯೂ ಉಂಟೆಂದು, ತನ್ನ ಕುಲವನ್ನೂ ಬಿಡದೆ, ಬರೆದನು. ವರ್ಣಾಂಧನಿಗೆ ಕೆಂಪು ಹಸುರುಗಳ ಹೆಸರು ಗೊತ್ತಿದ್ದು ಭೇದ ಮಾತ್ರ ಕಾಣದಿರುವಂತೆ, ಇವರಿಗೆ ಧರ್ಮಾಧರ್ಮಗಳ ಹೆಸರು ಗೊತ್ತು, ಬಣ್ಣ ಕಾಣದು ಎಂಬುದು ಅವನ ಅಭಿಪ್ರಾಯದ ತಿರುಳು. ನಮ್ಮವರ ಉಪಮೆಯಲ್ಲಿ ಹೇಳುವುದಾದರೆ, ಕೀರ್ತನೆಯ ಸಾಹಿತ್ಯವೆಲ್ಲ ಬಾಯಿಪಾಠ, ಶ್ರುತಿ ಮಾತ್ರ ಕಿವಿಗೆ ಬಿದ್ದಿಲ್ಲ.

ಕೆನಡಾದ ವ್ಯಾಂಕೂವರಿನ ರಾಬರ್ಟ್ ಹೇರ್ ಇದನ್ನು ಸೆರೆಮನೆಗಳಲ್ಲಿ ಅಳೆದು ನೋಡಲು ತೊಡಗಿದನು. ಎಣಿಕೆಯು ಇಂಥ ಸಂಖ್ಯೆಗೆ ಬಂದಾಗ ವಿದ್ಯುತ್ತಿನ ಪೆಟ್ಟು ಬೀಳುವುದೆಂದು ಮೊದಲೇ ತಿಳಿಸಿ ಎಣಿಸತೊಡಗಿದರೆ, ಸಾಮಾನ್ಯರ ಅಂಗೈ ಆ ಸಂಖ್ಯೆ ಸಮೀಪಿಸುತ್ತಿದ್ದಂತೆ ಬೆವರತೊಡಗುತ್ತದೆ. ಇವರ ಅಂಗೈ ಅಷ್ಟಾಗಿ ಬೆವರಲಿಲ್ಲ. ಭಾವಭರಿತವಾದ ಶಬ್ದವನ್ನು ತೋರಿಸಿದಾಗ ಸಾಮಾನ್ಯನ ಮನಸ್ಸು ಬರಿಯ ಶಬ್ದಕ್ಕಿಂತ ಬೇಗ ಅದನ್ನು ಗುರುತಿಸುತ್ತದೆ. ಇವರಿಗೆ ಎರಡೂ ಒಂದೇ. ಇಪ್ಪತ್ತು ಅಂಶಗಳಿಗೆ ಸೊನ್ನೆಯಿಂದ ಎರಡರವರೆಗೆ ಅಂಕವಿಟ್ಟು, ನಲವತ್ತಕ್ಕೆ ಮೂವತ್ತು ಬಂದವನನ್ನು ಸೈಕೋಪಾತ್ ಎನ್ನತಕ್ಕದ್ದೆಂಬ ಅವನ ಅಳತೆಗೋಲು 1991ರಲ್ಲಿ ಅಚ್ಚಾಯಿತು. ಜನಸಾಮಾನ್ಯರಲ್ಲಿ ನೂರಕ್ಕೆ ಒಬ್ಬರಷ್ಟು ಇಂಥವರಿರಬಹುದೆಂಬುದು ಈ ಶಾಸ್ತ್ರದವರ ಸಾಮಾನ್ಯವಾದ ಅಂದಾಜು. ತರಬೇತಿ ಪಡೆದವನು, ದೀರ್ಘ ಸಂಭಾಷಣೆಯೊಂದಿಗೆ ಹಿಂದಿನ ದಾಖಲೆಗಳನ್ನೂ ಇಟ್ಟುಕೊಂಡು ಮಾತ್ರ ಆ ಕೋಲನ್ನು ಬಳಸಬೇಕೆಂಬ ನಿಬಂಧನೆಯುಂಟು. ಅತ್ತೆಯನ್ನೋ ಮೇಲಧಿಕಾರಿಯನ್ನೋ ಅಳೆಯುವುದಕ್ಕಾಗಿ ಅದು ಹುಟ್ಟಿದ್ದಲ್ಲ.

ಆ ಬೆವರದ ಅಂಗೈಯ ಸಂಗತಿಯು ನನ್ನನ್ನು ತುಂಬ ಯೋಚನೆಗೆ ಹಚ್ಚಿತು. ಭಯದಿಂದ ಹುಟ್ಟಿದ ಧರ್ಮವು ಧರ್ಮವೇ ಅಲ್ಲ, ಪ್ರೀತಿಯಿಂದ ಹುಟ್ಟಿದ್ದೇ ನಿಜವಾದದ್ದು ಎಂದು ನಾವು ವೇದಿಕೆಗಳ ಮೇಲೆ ಹೇಳಿ ಚಪ್ಪಾಳೆ ಗಿಟ್ಟಿಸುತ್ತಿರುತ್ತೇವೆ. ಆದರೆ ನಮ್ಮ ಅಜ್ಜಿಯರು ಭಯ ಭಕ್ತಿಗಳನ್ನು ಬಿಡಿಸದೆ ಒಂದೇ ಉಸಿರಿನಲ್ಲಿ ‘ಭಯಭಕ್ತಿ’ ಎನ್ನುತ್ತಿದ್ದರು. ಒಳ್ಳೆಯವನನ್ನು ಹೊಗಳುವಾಗ ‘ಪಾಪಭೀರು’ ಎನ್ನುತ್ತಿದ್ದರು. ಬೌದ್ಧರಂತೂ ಪಾಪಕ್ಕೆ ನಾಚುವುದು, ಪಾಪಕ್ಕೆ ಅಂಜುವುದು ಎಂಬ ಎರಡು ಗುಣಗಳನ್ನು, ಹಿರಿ ಮತ್ತು ಒತ್ತಪ್ಪ ಎಂಬ ಹೆಸರಿನಿಂದ, ಲೋಕಪಾಲಕರೆಂದೇ ಕರೆದರು; ಇವೆರಡೂ ಇಲ್ಲದಿದ್ದರೆ ತಾಯಿಯೆಂದೂ ಗುರುಪತ್ನಿಯೆಂದೂ ಭೇದವುಳಿಯದೆ ಜಗತ್ತು ಕಲಸಿಹೋಗುವುದೆಂದು ಅವರ ಮತ. ಅಂಜಿಕೆಯು ಮನೆಯಲ್ಲ, ಹೊಸ್ತಿಲು. ಆದರೆ ಹೊಸ್ತಿಲನ್ನು ದಾಟದೆ ಯಾವನೂ ಮನೆಯೊಳಕ್ಕೆ ಬರಲಾರನು.

ಇಲ್ಲಿಗೆ ಎರಡನೆಯ ಪ್ರಶ್ನೆ ಬರುತ್ತದೆ, ಮತ್ತು ಇದೇ ಕಠಿಣವಾದದ್ದು. ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ದೈವೀಸಂಪತ್ತಿನ ಗುಣಗಳನ್ನು ಎಣಿಸಲು ಹೊರಟ ಶ್ರೀಕೃಷ್ಣನು ಮೊಟ್ಟಮೊದಲು ಹೇಳುವ ಗುಣವು ಅಭಯ. ಎರಡನೆಯ ಅಧ್ಯಾಯದ ಸ್ಥಿತಪ್ರಜ್ಞನು ದುಃಖದಲ್ಲಿ ಕದಲದವನು, ರಾಗ ಭಯ ಕ್ರೋಧಗಳನ್ನು ಕಳೆದುಕೊಂಡವನು, ಯಾವುದರಲ್ಲಿಯೂ ಅಂಟಿಕೊಳ್ಳದವನು. ಒಳ್ಳೆಯದನ್ನೇಕೆ ಮಾಡಲಿಲ್ಲ, ಕೆಟ್ಟದ್ದನ್ನೇಕೆ ಮಾಡಿದೆ ಎಂಬ ಕೊರಗು ಬ್ರಹ್ಮವನ್ನರಿತವನನ್ನು ಬೇಯಿಸುವುದಿಲ್ಲವೆಂದು ತೈತ್ತಿರೀಯವೂ ಹೇಳುತ್ತದೆ. ಈಗ ಈ ಲಕ್ಷಣಗಳ ಪಟ್ಟಿಯನ್ನು ಕ್ಲೆಕ್ಲಿಯ ಪಟ್ಟಿಯ ಪಕ್ಕದಲ್ಲಿಟ್ಟು ಹೊರಗಿನಿಂದ ಮಾತ್ರ ನೋಡುವವನು, ಎರಡೂ ಒಬ್ಬನನ್ನೇ ಕುರಿತವೆಂದು ಭ್ರಮಿಸಿದರೆ ಅವನನ್ನು ದೂಷಿಸುವುದು ಹೇಗೆ? ನಮ್ಮ ಊರಿನ ಆ ಗೃಹಸ್ಥರು ಮೂರು ಸಂಜೆ ವಿವರಿಸಿದ ಸ್ಥಿತಪ್ರಜ್ಞನನ್ನು ನಾನು ಪಡಸಾಲೆಯಲ್ಲಿ ಅರ್ಧ ನಿಮಿಷ ಕಂಡೆನೇನೋ ಎಂಬ ವಿಕಟವಾದ ಸಂದೇಹ ನನಗೆ ಎಷ್ಟೋ ವರ್ಷ ಇತ್ತು.

ಈ ಅಪಾಯವನ್ನು ಹಿಂದಿನವರು ಕಾಣದೆ ಇರಲಿಲ್ಲ. ಶಂಕರರ ಶಿಷ್ಯರೂ, ಶೃಂಗೇರಿಯ ಪೀಠದಲ್ಲಿ ಅವರ ತರುವಾಯ ಕುಳಿತವರೆಂದು ಸಂಪ್ರದಾಯವು ಹೇಳುವವರೂ ಆದ ಸುರೇಶ್ವರಾಚಾರ್ಯರು ನೈಷ್ಕರ್ಮ್ಯಸಿದ್ಧಿಯಲ್ಲಿ, ಅದ್ವೈತತತ್ತ್ವವನ್ನು ತಿಳಿದವನೂ ಮನಬಂದಂತೆ ನಡೆಯಬಹುದಾದರೆ, ಅಶುಚಿಯನ್ನು ತಿನ್ನುವ ವಿಷಯದಲ್ಲಿ ತತ್ತ್ವಜ್ಞಾನಿಗೂ ನಾಯಿಗೂ ಏನು ಭೇದವೆಂದು, ಆಚಾರ್ಯರ ಬಾಯಲ್ಲಿ ನಾವು ನಿರೀಕ್ಷಿಸದಷ್ಟು ಕಟುವಾಗಿ ಕೇಳುತ್ತಾರೆ. ಐದು ಶತಮಾನಕ್ಕೂ ಮಿಕ್ಕಿದ ಕಾಲದ ಮೇಲೆ ವಿದ್ಯಾರಣ್ಯರು ಪಂಚದಶಿಯಲ್ಲಿ ಅದೇ ಮಾತನ್ನು ಮತ್ತೆ ಎತ್ತಿ ಆಡಬೇಕಾಯಿತೆಂದರೆ, ನಡುವೆ ಅಂಥ ಜ್ಞಾನಿಗಳಿಗೆ ಬರವಿರಲಿಲ್ಲವೆಂದೇ ಊಹಿಸಬೇಕು. ದ್ವೇಷವಿಲ್ಲದಿರುವುದೇ ಮೊದಲಾದ ಗುಣಗಳು ಜ್ಞಾನಿಯಲ್ಲಿ ಪ್ರಯತ್ನವಿಲ್ಲದೆಯೇ ಇರುತ್ತವೆಂಬುದು ಸುರೇಶ್ವರರ ಉತ್ತರ. ಅಳುಕನ್ನು ದಾಟಿದವನಲ್ಲಿ ಅಳುಕು ಕಲಿಸಿಕೊಟ್ಟ ಸದ್ಗುಣವು ಉಳಿದು ಅಳುಕಿನ ನೋವು ಮಾತ್ರ ಹೋಗಿರುತ್ತದೆ. ಅಳುಕನ್ನೇ ಕಾಣದವನಲ್ಲಿ ಎರಡೂ ಇಲ್ಲ. ಈಜಿ ದಡ ಸೇರಿದವನ ಮೈಯೂ ಒಣಗಿರುತ್ತದೆ, ನೀರಿಗೇ ಇಳಿಯದವನ ಮೈಯೂ ಒಣಗಿರುತ್ತದೆ. ಗೀತೆಯೇ ಬೇರೆಡೆಯಲ್ಲಿ, ಎಲ್ಲ ಪ್ರಾಣಿಗಳ ಸುಖದುಃಖಗಳನ್ನು ತನ್ನವನ್ನು ನೋಡುವಂತೆ ನೋಡುವವನೇ ಪರಮಯೋಗಿಯೆಂದು ಹೇಳಿ ಈ ಭ್ರಾಂತಿಯ ಬೇರನ್ನು ಕಡಿದಿದೆ. ಸ್ಥಿತಪ್ರಜ್ಞನನ್ನು ಕದಲಿಸದಿರುವುದು ಅವನ ಸ್ವಂತದ ದುಃಖ; ಇನ್ನೊಬ್ಬನದಲ್ಲ.

ಆದರೂ ನನಗೆ ಇವೆಲ್ಲಕ್ಕಿಂತ ಹೆಚ್ಚು ಬೆಳಕು ಕೊಟ್ಟದ್ದು ಛಾಂದೋಗ್ಯದ ಎಂಟನೆಯ ಅಧ್ಯಾಯದ ಕಥೆ. ದೇವತೆಗಳ ಕಡೆಯಿಂದ ಇಂದ್ರನೂ ಅಸುರರ ಕಡೆಯಿಂದ ವಿರೋಚನನೂ ಸಮಿತ್ತುಗಳನ್ನು ಹಿಡಿದು ಪ್ರಜಾಪತಿಯ ಬಳಿ ಮೂವತ್ತೆರಡು ವರ್ಷ ಬ್ರಹ್ಮಚರ್ಯದಲ್ಲಿದ್ದು, ಇಬ್ಬರೂ ಒಂದೇ ಉಪದೇಶವನ್ನು ಕೇಳುತ್ತಾರೆ. ನೀರಿನ ಬಟ್ಟಲಿನಲ್ಲಿ ತಮ್ಮ ಪ್ರತಿಬಿಂಬಗಳನ್ನು ನೋಡಿ, ಅಲಂಕರಿಸಿಕೊಂಡು ಮತ್ತೆ ನೋಡಿ, ಇದೇ ಆತ್ಮವೆಂದುಕೊಂಡು ಇಬ್ಬರೂ ಹಿಂದಿರುಗುತ್ತಾರೆ. ವಿರೋಚನನು ಶಾಂತಹೃದಯನಾಗಿಯೇ ಅಸುರರ ಬಳಿಗೆ ಹೋದನೆಂದು ಉಪನಿಷತ್ತು ಹೇಳುತ್ತದೆ. ಇಂದ್ರನಾದರೋ ದೇವತೆಗಳನ್ನು ಮುಟ್ಟುವುದಕ್ಕೆ ಮೊದಲೇ, ದಾರಿಯ ನಡುವೆ, ಭಯವನ್ನು ಕಂಡನು: ದೇಹವು ಕುರುಡಾದರೆ ಈ ಆತ್ಮವೂ ಕುರುಡು, ದೇಹವು ಕುಂಟಾದರೆ ಇದೂ ಕುಂಟು, ಇದರಲ್ಲಿ ನನಗೆ ಹಿತವು ಕಾಣದಲ್ಲ. ಸಮಿತ್ತನ್ನು ಹಿಡಿದು ಹಿಂದಿರುಗಿದನು. ಹಾಗೆ ಮೂರು ಬಾರಿ ಹಿಂದಿರುಗಿ, ಒಟ್ಟು ನೂರೊಂದು ವರ್ಷವಿದ್ದು, ಕಡೆಗೆ ತಿಳಿದನು. ಅವರಿಬ್ಬರ ಬುದ್ಧಿಯಲ್ಲಿ ಭೇದವಿತ್ತೆಂದು ಕಥೆಯು ಹೇಳುವುದಿಲ್ಲ, ಶ್ರದ್ಧೆಯಲ್ಲಿಯೂ ಭೇದವಿರಲಿಲ್ಲ. ಒಬ್ಬನಿಗೆ ದಾರಿಯಲ್ಲಿ ಅಳುಕು ಬಂದಿತು, ಇನ್ನೊಬ್ಬನಿಗೆ ಬರಲಿಲ್ಲ, ಅಷ್ಟೆ. ಕೌಷೀತಕಿಯಲ್ಲಿ ಮುಖ ಬಣ್ಣಗೆಡದೆಂದು ಹೇಳುವ ಇಂದ್ರನೂ ಇಲ್ಲಿ ಭಯಗೊಂಡ ಇಂದ್ರನೂ ಒಬ್ಬನೇ ಎಂದು ಇಟ್ಟುಕೊಂಡರೆ, ಆ ಮಾತನ್ನು ಹೇಳುವ ಹಕ್ಕು ಅವನಿಗೆ ಎಲ್ಲಿಂದ ಬಂದಿತೆಂಬುದು ಸ್ಪಷ್ಟವಾಗುತ್ತದೆ. ಇಬ್ಬರೂ ಬೇರೆ ಬೇರೆ ಕಾಲದ ಬೇರೆ ಬೇರೆ ಕಥೆಗಳವರೆಂದು ಸಂಶೋಧಕರು ಆಕ್ಷೇಪಿಸಬಹುದು. ನಾನು ಪಂಡಿತನಲ್ಲವಾದ್ದರಿಂದ ಆ ಸಲಿಗೆಯನ್ನು ತೆಗೆದುಕೊಂಡಿದ್ದೇನೆ.

ಒಂದೇ ಉಪದೇಶ, ಇಬ್ಬರು ಶಿಷ್ಯರು, ಎರಡು ಫಲ: ಇದಕ್ಕೆ ನಮ್ಮ ಕಾಲದ ದೃಷ್ಟಾಂತವೊಂದು ಕೆನಡಾದಲ್ಲಿ ದೊರೆಯುತ್ತದೆ. ಒಂಟಾರಿಯೋ ಪ್ರಾಂತದ ಪೆನೆಟಾಂಗ್ವಿಶೀನಿನಲ್ಲಿ, ಅಪರಾಧಿಗಳಾದ ಮನೋರೋಗಿಗಳಿಗಾಗಿ ಇದ್ದ ಓಕ್ ರಿಡ್ಜ್ ಎಂಬ ಬಂದೋಬಸ್ತಿನ ಆಸ್ಪತ್ರೆಯಲ್ಲಿ, 1960ರ ದಶಕದಿಂದ ಎಲಿಯಟ್ ಬಾರ್ಕರ್ ಎಂಬ ವೈದ್ಯನು, ರೋಗಿಗಳೇ ಒಬ್ಬರಿಗೊಬ್ಬರು ಹೃದಯವನ್ನು ಬಿಚ್ಚಿ ಮಾತನಾಡಿ ಸಹಾನುಭೂತಿಯನ್ನು ಕಲಿಯುವ ಒಂದು ಚಿಕಿತ್ಸೆಯನ್ನು, ತುಂಬ ಉದಾರವಾದ ಭಾವನೆಯಿಂದ, ನಡೆಸಿದನು. 1992ರಲ್ಲಿ ಪ್ರಕಟವಾದ ಪರಿಶೀಲನೆಯಿಂದ ತಿಳಿದದ್ದೇನೆಂದರೆ, ಸೈಕೋಪಾತ್‌ಗಳಲ್ಲದವರು ಆ ಚಿಕಿತ್ಸೆಯಿಂದ ತಿದ್ದಿಕೊಂಡರು. ಸೈಕೋಪಾತ್‌ಗಳಾದವರು, ಚಿಕಿತ್ಸೆಯನ್ನೇ ಪಡೆಯದ ತಮ್ಮ ಜಾತಿಯವರಿಗಿಂತ ಹೆಚ್ಚಾಗಿ, ಹೊರಗೆ ಬಂದು ಹಿಂಸೆಯನ್ನೆಸಗಿದರು. ಅನ್ಯರ ಮನಸ್ಸಿನ ನೋವನ್ನು ಓದುವ ವಿದ್ಯೆಯನ್ನು ಅವರು ಚೆನ್ನಾಗಿಯೇ ಕಲಿತಿರಬೇಕು. ಆ ವಿದ್ಯೆ ಅವರ ಕೈಯಲ್ಲಿ ಬೀಗದ ಕೈಯಾಗದೆ ಕನ್ನಗತ್ತಿಯಾಯಿತು. ವೇದಾಂತವನ್ನು ಶಮದಮಾದಿಗಳಿಲ್ಲದವನಿಗೆ ಹೇಳಬಾರದೆಂಬ ಅಧಿಕಾರನಿಯಮವನ್ನು ನಾನು ತಾರುಣ್ಯದಲ್ಲಿ ಸಂಕುಚಿತಬುದ್ಧಿಯೆಂದು ಹೀಗಳೆಯುತ್ತಿದ್ದೆ. ಹುಟ್ಟಿನಿಂದ ಅಧಿಕಾರವನ್ನು ನಿರ್ಣಯಿಸಿದ್ದು ಅನ್ಯಾಯವೆಂದು ಈಗಲೂ ಹೇಳುವೆನು. ನಡತೆಯಿಂದ ನಿರ್ಣಯಿಸಬೇಕೆಂಬ ಭಾಗದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿದೆ.

ನೆರೆಯಲ್ಲಿ ಇಂಥವನೊಬ್ಬನಿದ್ದರೆ ತಿಳಿಯುವುದು ಹೇಗೆಂದು ಜನ ಕೇಳುತ್ತಾರೆ. ಕಣ್ಣು ಹೀಗಿರುತ್ತದೆ, ನಗೆ ಹಾಗಿರುತ್ತದೆ ಎಂಬ ಸಾಮುದ್ರಿಕವೆಲ್ಲ ವ್ಯರ್ಥ. ಮುಖವಾಡವನ್ನು ಮುಖವಾಡವೆಂದು ಕರೆಯುವುದೇ ಅದು ಮುಖದಂತಿರುವುದರಿಂದ. ಮಾರ್ಥಾ ಸ್ಟೌಟ್ ಎಂಬ ಮನಶ್ಶಾಸ್ತ್ರಜ್ಞೆಯು 2005ರ ತನ್ನ ಪುಸ್ತಕದಲ್ಲಿ, ಇಂಥವರು ಹೆದರಿಸುವುದಕ್ಕಿಂತ ಹೆಚ್ಚಾಗಿ ಮರುಕವನ್ನು ಬೇಡುತ್ತಾರೆಂದು ಬರೆದಿದ್ದಾಳೆ. ಪಡಸಾಲೆಯ ಆ ಕಣ್ಣೀರನ್ನು ನೆನೆದಾಗ ಇದು ನನಗೆ ನಿಜವೆನ್ನಿಸುತ್ತದೆ. ನನ್ನ ಮಟ್ಟಿಗೆ ಎರಡು ಗುರುತುಗಳುಂಟು. ಒಂದು ಬೇಸರ: ಶಾಂತಿಯ ವೇಷದಲ್ಲಿರುವ ಇವರು ಒಂದು ಮಧ್ಯಾಹ್ನವನ್ನು ಒಬ್ಬರೇ ಕುಳಿತು ಕಳೆಯಲಾರರು, ಸಣ್ಣದೊಂದು ಅಡ್ಡಿಗೆ ಮಗುವಿನಂತೆ ಸಿಡುಕುತ್ತಾರೆ, ಸದಾ ಹೊಸ ಊರು ಹೊಸ ಜನ ಹೊಸ ಕಸುಬು ಬೇಕು, ಸ್ಥಿತಪ್ರಜ್ಞನ ಸೋಗು ಇಲ್ಲಿ ಕಳಚುತ್ತದೆ. ಇನ್ನೊಂದು ಕಾಲ: ಒಂದು ದಿನದ ನಡತೆಯಲ್ಲಿ ಏನೂ ಕಾಣದು, ಬಿಟ್ಟು ಬಂದ ಊರುಗಳನ್ನು ಸಾಲಾಗಿ ವಿಚಾರಿಸಿದರೆ ಎಲ್ಲ ಕಡೆಯೂ ಅದೇ ಕಥೆ, ಹೆಸರುಗಳು ಮಾತ್ರ ಬೇರೆ. ನಮ್ಮವರು ಹೆಣ್ಣು ಕೊಡುವ ಮುಂಚೆ ಮೂರು ಕಡೆ ವಿಚಾರಿಸಬೇಕೆನ್ನುತ್ತಿದ್ದುದು ಬರಿಯ ಕುಲಾಭಿಮಾನದಿಂದಲ್ಲವೆಂದು ತೋರುತ್ತದೆ. ಇಷ್ಟೆಲ್ಲ ತಿಳಿದ ಮೇಲೂ ಮೋಸಹೋಗುವುದು ಸಾಧ್ಯ, ಮೋಸಹೋದವನು ಮೂರ್ಖನೂ ಅಲ್ಲ.

ನಮ್ಮನ್ನು ಈ ವಿಷಯದಲ್ಲಿ ನಿರಾಯುಧರನ್ನಾಗಿ ಮಾಡಿದವರಲ್ಲಿ ನಮ್ಮ ಕವಿಗಳೂ ಸೇರಿದ್ದಾರೆ. ಗೋವಿನ ಹಾಡಿನ ಹುಲಿಯು ಪುಣ್ಯಕೋಟಿಯ ಸತ್ಯಕ್ಕೆ ಕರಗಿ ಪ್ರಾಣವನ್ನೇ ಬಿಟ್ಟಿತೆಂದು ಕೇಳಿ ಅಳದ ಕನ್ನಡದ ಮಗುವಿಲ್ಲ. ರನ್ನನ ದುರ್ಯೋಧನನು ರಣರಂಗದಲ್ಲಿ ಕರ್ಣ ದುಶ್ಶಾಸನರ ಹೆಣಗಳನ್ನು ಕಂಡು ವಿಲಪಿಸುತ್ತಾನೆ. ನಾಗಚಂದ್ರನ ರಾವಣನು ಸೀತೆಯ ಪಾತಿವ್ರತ್ಯವನ್ನು ಕಂಡು ಪಶ್ಚಾತ್ತಾಪದಿಂದ ಬೇಯುತ್ತಾನೆ. ಪಶ್ಚಾತ್ತಾಪವಿಲ್ಲದ ಖಳನನ್ನು ಕಲ್ಪಿಸುವುದೇ ಈ ಮಹಾಕವಿಗಳಿಗೆ ಸಹ್ಯವಾಗಲಿಲ್ಲವೇನೋ. ಕಾವ್ಯಕ್ಕೆ ಇದು ಭೂಷಣ. ಆದರೆ ಎಲ್ಲರೊಳಗೂ ಕರಗುವ ಹುಲಿಯೊಂದಿದೆಯೆಂದು ನಂಬಿ, ತನ್ನ ಒಳ್ಳೆಯತನವೊಂದರಿಂದಲೇ ಯಾರನ್ನಾದರೂ ತಿದ್ದಬಲ್ಲೆನೆಂದು ಹೊರಡುವವನಲ್ಲಿ, ಕರುಣೆಯ ಜೊತೆಗೆ ಸ್ವಲ್ಪ ಅಹಂಕಾರವೂ ಉಂಟೆಂದು ನಾನು ಹೇಳಬೇಕಾಗಿದೆ.

ಹಾಗಾದರೆ ಹುಟ್ಟಿನಿಂದಲೇ ಅಳುಕೆಂಬ ಈ ಇಂದ್ರಿಯವಿಲ್ಲದವನನ್ನು ದಂಡಿಸುವುದು ನ್ಯಾಯವೆ? ಕುರುಡ ಎಡವಿದರೆ ಬೈಯುವುದುಂಟೆ? 1860ರ ದಂಡಸಂಹಿತೆಯ 84ನೆಯ ಕಲಮು, ಈಗಿನ ಭಾರತೀಯ ನ್ಯಾಯಸಂಹಿತೆಯ 22ನೆಯದು, ಚಿತ್ತಸ್ವಾಸ್ಥ್ಯವಿಲ್ಲದೆ ತಾನು ಮಾಡುತ್ತಿರುವುದೇನೆಂದಾಗಲಿ ಅದು ತಪ್ಪೆಂದಾಗಲಿ ತಿಳಿಯಲಾರದವನನ್ನು ಮಾತ್ರ ಬಿಡುತ್ತದೆ. ಇವನಿಗೆ ತಪ್ಪೆಂದು ತಿಳಿದಿದೆ, ಆದುದರಿಂದ ಇವನು ಹೊಣೆಗಾರ. ಕಾನೂನು ಇಷ್ಟಕ್ಕೆ ತೃಪ್ತಿಪಡಬಹುದು, ತತ್ತ್ವಶಾಸ್ತ್ರವು ಪಡಲಾರದು. ತಿಳಿದಿರುವುದಕ್ಕೂ ತಿಳಿದದ್ದು ತನ್ನನ್ನು ಕಟ್ಟುವುದಕ್ಕೂ ನಡುವಿನ ಕಂದರವೇ ಇಲ್ಲಿನ ಪ್ರಶ್ನೆಯೆಲ್ಲ. ಉಡುಪಿಯ ಮಧ್ವಾಚಾರ್ಯರು ಈ ಕಂದರವನ್ನು ಕಂಡು ಕಣ್ಣು ಮುಚ್ಚಿಕೊಳ್ಳಲಿಲ್ಲ. ಜೀವರ ಸ್ವಭಾವವು ಅನಾದಿಯೆಂದೂ, ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಜೀವರಲ್ಲಿ ಮೂರು ಬಗೆಯೆಂದೂ ಅವರು ಹೇಳಿದರು. ಜೈನರೂ ಎಂದಿಗೂ ಮುಕ್ತಿಯನ್ನು ಪಡೆಯಲಾರದ ಅಭವ್ಯಜೀವರನ್ನು ಒಪ್ಪುತ್ತಾರೆ. ಎಲ್ಲರೂ ಒಂದು ದಿನ ಉದ್ಧಾರವಾಗುವರೆಂಬ ಸಾಂತ್ವನಕ್ಕೆ ಒಗ್ಗಿದ ಕಿವಿಗೆ ಇದು ನಿಷ್ಠುರವಾಗಿ ಕೇಳಿಸುತ್ತದೆ. ನನಗೂ ಆ ಸಿದ್ಧಾಂತದಲ್ಲಿ ಮನಸ್ಸು ನಿಲ್ಲದು. ಆದರೆ ಲೋಕದಲ್ಲಿ ಕಂಡ ಒಂದು ಕಹಿಯಾದ ಸಂಗತಿಯನ್ನು ಸಿಹಿ ಹಚ್ಚದೆ ಒಪ್ಪಿಕೊಂಡ ಧೈರ್ಯ ಅದರಲ್ಲಿದೆ. ಯಾವ ಜೀವವು ಯಾವ ಬಗೆಯದೆಂದು ಬೆರಳು ಮಾಡಿ ತೋರಿಸುವ ಅಧಿಕಾರವನ್ನು ಆ ಮತವೂ ನೆರೆಹೊರೆಯವರಿಗೆ ಕೊಟ್ಟಿಲ್ಲವೆಂಬುದನ್ನೂ ಮರೆಯಬಾರದು. ಅಂಥವನ ಕೈಗೆ ಹಣ, ಅಧಿಕಾರ, ಮಕ್ಕಳು ಸಿಕ್ಕದಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯ. ಬೇಕಾದರೆ ಸೆರೆಯಲ್ಲಿಡುವುದೂ ಕರ್ತವ್ಯ. ಅವನನ್ನು ಅಸುರನೆಂದು ತೀರ್ಮಾನಿಸಿ, ಆ ತೀರ್ಮಾನದಿಂದ ನಾವು ದೇವತೆಗಳಾದೆವೆಂದು ಸಂತೋಷಪಡುವುದು ಬೇರೆಯೇ ಒಂದು ವಿಷಯ. ಆಸುರೀಸಂಪತ್ತಿನ ಪ್ರಸ್ತಾಪ ಬಂದೊಡನೆ, ತಾನು ಯಾವ ಪಂಗಡದವನೋ ಎಂಬ ಯೋಚನೆ ಅರ್ಜುನನ ಮನಸ್ಸಿನಲ್ಲಿ ಮೂಡಿತೆಂದೂ, ಶೋಕಿಸಬೇಡವೆಂದು ಭಗವಂತನು ಸಮಾಧಾನ ಹೇಳಿದ್ದು ಅದಕ್ಕಾಗಿಯೇ ಎಂದೂ ಶಂಕರರ ಭಾಷ್ಯದ ಆಶಯ. ಅಲ್ಲಿಯೂ ಮುಖ ಬಣ್ಣಗೆಟ್ಟಿರಬೇಕು.

ಆ ಗೃಹಸ್ಥರು ನಮ್ಮ ಊರನ್ನು ಬಿಟ್ಟು ಇನ್ನೊಂದು ತಾಲ್ಲೂಕಿಗೆ ಹೋದರೆಂದೂ, ಅಲ್ಲಿಯೂ ಚೀಟಿಯನ್ನೂ ಪ್ರವಚನವನ್ನೂ ನಡೆಸಿದರೆಂದೂ ಆಮೇಲೆ ಕೇಳಿದೆವು. ಮೊಮ್ಮಗಳ ಮದುವೆಯು ಸಾಲದಿಂದ ನಡೆಯಿತು. ಗಡಿಯಾರವು ಈಗ ನನ್ನ ಮನೆಯಲ್ಲಿದೆ. ಎಂಟು ದಿನಕ್ಕೊಮ್ಮೆ ಕೀಲಿ ಕೊಡುತ್ತೇನೆ. ದೊಡ್ಡಮ್ಮ ಆಮೇಲೆ ಹನ್ನೊಂದು ವರ್ಷ ಬದುಕಿದ್ದಳು. ಹೋದ ಹಣದ ಮಾತನ್ನು ಅವಳು ಎಂದೂ ಎತ್ತಲಿಲ್ಲ. ಕಡೆಯ ಕಾಯಿಲೆಯಲ್ಲಿ, ನಾನು ಪಕ್ಕದಲ್ಲಿ ಕುಳಿತಿದ್ದಾಗ, ಏನನ್ನೋ ನೆನೆಸಿಕೊಂಡವಳಂತೆ ನನ್ನ ಕಡೆಗೆ ತಿರುಗಿ, “ಅವತ್ತು ಅವನಿಗೆ ಬೆಳ್ಳಿ ಲೋಟ ತೆಗೀಲಿಲ್ಲ ಕಣೋ. ಬೇಕು ಅಂತಲೇ ಹಿತ್ತಾಳೆ ಲೋಟದಲ್ಲಿ ಕೊಟ್ಟೆ. ಮನೆಬಾಗಿಲಿಗೆ ಬಂದವನು” ಎಂದಳು.